ಕಡಲ ಮರಳಿಗೆ ಕಾರು ಇಳಿಸಬಹುದಾ? ಭಾಮೈದನ ಪರ, ಭಾವನ ವಿರೋಧ

ಕಳೆದ ಜನವರಿಯಲ್ಲಿ ದಾವಣಗೆರೆಯಿಂದ ಹೊನ್ನಾವರದ ಕಡೆ ಹೊರಟ ಒಂದೇ ಕಾರಿನಲ್ಲಿ ಇಬ್ಬರೂ ಇದ್ದರು. ಸಂಜೆ ಕಾರು ಮರಳಲ್ಲಿ ಹೂತಿತು. ಅವತ್ತು ಶುರುವಾದ ವಾದ ಇನ್ನೂ ಮುಗಿದಿಲ್ಲ. ಮೊದಲು ಭಾಮೈದ, ಹಿರಿಯೂರು ಕಡೆಯವನು. ಆಮೇಲೆ ಭಾವ, ದಾವಣಗೆರೆಯವರು, ಕಾರಿನ ಮಾಲೀಕರು.

ಪರ: ಮೊದಲು ಗಾಳಿ ಇಳಿಸಿ, ಆಮೇಲೆ ಕಾರು

ನಾನು ಮರಳಲ್ಲೇ ಬೆಳೆದವನು. ನಮ್ಮ ಹೊಲ ವೇದಾವತಿಯ ಆಚೆ ದಡದಲ್ಲಿದೆ. ಅದೇ ಹೊಳೆಗೆ ಕಟ್ಟಿರೋ ಮಾರಿಕಣಿವೆ ಡ್ಯಾಂ 2022ರಲ್ಲಿ ಕೋಡಿ ಬಿತ್ತಲ್ಲ, ಅದು 1933 ಆದ ಮೇಲೆ ಮೊದಲ ಸಲ. ಹಾಗಾಗಿ ನನ್ನ ಬಾಲ್ಯಕ್ಕೆ ಹೊಳೆ ಅಂದರೆ ಮರಳು ಅಂತಲೇ ಅರ್ಥ. ಮಳೆಗಾಲದಲ್ಲಿ ನಾಲ್ಕು ದಿನ ನೀರು ಕಂಡರೆ ಅದೇ ಸುದ್ದಿ.

ಶೇಂಗಾ ತುಂಬಿದ ಗಾಡಿಯನ್ನು ಅಪ್ಪ ಆ ಮರಳು ದಾಟಿಸುತ್ತಿದ್ದ. ದಡದಲ್ಲೇ ಎತ್ತುಗಳಿಗೆ ನೀರು ಕುಡಿಸಿ, ಸುಧಾರಿಸಿಕೊಳ್ಳೋಕೆ ಬಿಡುತ್ತಿದ್ದ. ಗಾಡಿ ಮೇಲೆ ಕೂತ ನಮ್ಮನ್ನೆಲ್ಲ ಇಳಿಸುತ್ತಿದ್ದ. ಮರಳಿಗೆ ಇಳಿದ ಮೇಲೆ ಆಚೆ ದಡ ಸಿಗೋವರೆಗೂ ನಿಲ್ಲಿಸೋ ಮಾತೇ ಇಲ್ಲ. ಓಡಿಸುತ್ತಲೂ ಇರಲಿಲ್ಲ, ನಿಲ್ಲಿಸುತ್ತಲೂ ಇರಲಿಲ್ಲ. ಒಂದೇ ಹದದಲ್ಲಿ ನಡೆಸುತ್ತಿದ್ದ. ಎತ್ತಿನ ಗಾಡಿ ಜಾಗಕ್ಕೆ ಕಾರು ಬಂದರೂ ಮರಳು ಅದೇ ಮರಳು, ಅಲ್ವಾ?

ಕಾರು ಹೂಳೋದು ಯಾಕೆ ಅಂತ ಮೊದಲು ನೋಡಿ. ಟೈರಿನೊಳಗೆ ಎಷ್ಟು ಒತ್ತಡ ಇದೆಯೋ, ಹೆಚ್ಚುಕಮ್ಮಿ ಅಷ್ಟೇ ಒತ್ತಡವನ್ನು ಟೈರು ನೆಲದ ಮೇಲೆ ಹಾಕುತ್ತದೆ. ಟಾರು ರೋಡಿಗೆ ಅಂತ 33 ಪಿಎಸ್‌ಐ ಗಾಳಿ ತುಂಬಿರುತ್ತೇವೆ. ಆಗ ಒಂದೊಂದು ಟೈರೂ ನೆಲ ಮುಟ್ಟೋದು ಅಂಗೈ ಅಗಲದಷ್ಟು ಜಾಗದಲ್ಲಿ. ಸಾವಿರ ಕೆಜಿ ಮೇಲಿನ ಕಾರು ಅಂಥ ನಾಲ್ಕು ಅಂಗೈ ಮೇಲೆ ನಿಂತಿರುತ್ತದೆ. ಟಾರು ತಡೆಯುತ್ತದೆ, ಒಣ ಮರಳು ತಡೆಯಲ್ಲ. ಗಾಳಿಯನ್ನು 18ಕ್ಕೆ ಇಳಿಸಿದರೆ ಟೈರಿನ ಹೊಟ್ಟೆ ಸಡಿಲವಾಗಿ ಉದ್ದಕ್ಕೆ ಹಾಸಿಕೊಳ್ಳುತ್ತದೆ. ಮೆಟ್ಟುವ ಜಾಗ ಎರಡರಷ್ಟಕ್ಕೆ ಹತ್ತಿರ ಬರುತ್ತದೆ. ಒಂಟೆ ಪಾದ ಇದ್ದ ಹಾಗೆ. ಇಷ್ಟೇ ಗುಟ್ಟು. ಮಿಕ್ಕಿದ್ದು ಅರ್ಧ ತಾಳ್ಮೆ, ಅರ್ಧ ಅಭ್ಯಾಸ.

ಆದರೆ ಇಳಿಸೋದಕ್ಕೂ ಒಂದು ಮಿತಿ ಇದೆ. ಹದಿನೈದರಿಂದ ಹದಿನೆಂಟು ಸಾಕು. ಹನ್ನೆರಡರ ಕೆಳಗೆ ಹೋಗಿ ಸ್ಟೇರಿಂಗ್ ಜೋರಾಗಿ ತಿರುಗಿಸಿದರೆ ಟೈರು ರಿಮ್ಮಿನಿಂದ ಕಳಚಿಕೊಳ್ಳಬಹುದು. ನೂರು ಚಿಲ್ಲರೆ ಕಿಲೋಮೀಟರ್ ಓಡಿ ಬಂದ ಟೈರು ಬಿಸಿ ಇರುತ್ತದೆ, ಗೇಜು ಎರಡು ಮೂರು ಅಂಕಿ ಜಾಸ್ತಿ ತೋರಿಸುತ್ತದೆ. ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಮರಳು ಬಿಟ್ಟು ರೋಡಿಗೆ ಬಂದ ತಕ್ಷಣ ಗಾಳಿ ತುಂಬಬೇಕು. ಕಡಿಮೆ ಗಾಳಿಯಲ್ಲಿ ಎಂಬತ್ತರಲ್ಲಿ ಓಡಿಸಿದರೆ ಟೈರಿನ ಪಕ್ಕೆ ಕಾದು ಒಡೆದು ಹೋಗುತ್ತದೆ. ಅದಕ್ಕೇ ಕಾರಿನ ಸಾಕೆಟ್ಟಿಗೆ ಸಿಕ್ಕಿಸೋ 12 ವೋಲ್ಟಿನ ಕಂಪ್ರೆಸರ್ ಡಿಕ್ಕಿಯಲ್ಲಿ ಇರಲೇಬೇಕು. ಅವತ್ತು ನಮ್ಮ ಹತ್ತಿರ ಇರಲಿಲ್ಲ. ಗಾಳಿ ಇಳಿಸೋಣ ಅಂತ ನಾನು ಹೇಳಿದ್ದಕ್ಕೆ ಭಾವ, "ಆಮೇಲೆ ತುಂಬೋದು ನಿಮ್ಮಪ್ಪನಾ?" ಅಂದರು.

ಮರಳಿನ ಬಣ್ಣ ನೋಡೋಕೂ ಬರಬೇಕು. ನೀರಿನಂಚಿನ ಕಪ್ಪಗಿನ ಒದ್ದೆ ಮರಳು ಗಟ್ಟಿ. ಕಾಳು ಕಾಳಿನ ನಡುವೆ ಇರೋ ತೆಳುವಾದ ನೀರು ಒಂದನ್ನೊಂದು ಎಳೆದು ಹಿಡಿದಿರುತ್ತದೆ. ಮಕ್ಕಳು ಕಟ್ಟೋ ಮರಳಿನ ಗುಡಿ ನಿಲ್ಲೋದೂ ಇದೇ ಕಾರಣಕ್ಕೆ. ನೀರು ಜಾಸ್ತಿಯಾಗಿ ಮೇಲೆ ಹೊಳೆಯುತ್ತಿದ್ದರೆ ಮಾತ್ರ ಹುಷಾರು. ಅಲ್ಲಿ ಕಾಳುಗಳು ತೇಲುತ್ತಿರುತ್ತವೆ, ಮೆಟ್ಟಿದರೆ ಒಳಗೆ ಎಳೆಯುತ್ತದೆ. ಬೆಳ್ಳಗೆ, ಸಕ್ಕರೆ ಥರ ಉದುರೋ ಒಣ ಮರಳೇ ಎಲ್ಲಕ್ಕಿಂತ ಮೋಸ. ಮಧ್ಯಾಹ್ನದ ಬಿಸಿಲಲ್ಲಂತೂ ಕೇಳಲೇಬೇಡಿ.

ಓಡಿಸುವಾಗ ಎರಡನೇ ಗೇರು, ಒಂದೇ ವೇಗ. ಚಕ್ರ ಸ್ವಲ್ಪ ಜಾರಿದರೂ ಎಂಜಿನ್ ಉಸಿರು ಕಟ್ಟಿಸೋ ಟ್ರಾಕ್ಷನ್ ಕಂಟ್ರೋಲ್ ಇದ್ದರೆ ಆಫ್ ಮಾಡಿ. ಬ್ರೇಕ್ ಒತ್ತಬೇಡಿ. ಒತ್ತಿದರೆ ಚಕ್ರದ ಮುಂದೆ ಮರಳಿನ ದಿಬ್ಬ ಕೂರುತ್ತದೆ, ಮತ್ತೆ ಹೊರಡುವಾಗ ಅದನ್ನೇ ಹತ್ತಬೇಕು. ಆಕ್ಸಿಲರೇಟರ್ ಬಿಟ್ಟು ತಾನೇ ನಿಲ್ಲೋಕೆ ಬಿಡಿ. ನಿಲ್ಲೋದು ಇಳಿಜಾರಿಗೆ ಮುಖ ಮಾಡಿದ್ದರೆ ಇನ್ನೂ ಒಳ್ಳೇದು.

ಹೂತರೆ? ಹೂತ ಮೊದಲ ಕ್ಷಣದಲ್ಲಿ ಏನು ಮಾಡುತ್ತೀರಿ ಅನ್ನೋದರ ಮೇಲೆ ಎಲ್ಲ ನಿಂತಿದೆ. ಭಾವ ಮಾಡಿದ್ದು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬಾರದು. ಕಾರು ನಿಂತಿತು. ಅವರು ಆಕ್ಸಿಲರೇಟರ್ ಒತ್ತಿದರು. ಮುಂದಿನ ಚಕ್ರ ಗಿರ್ರ್ ಅಂತ ತಿರುಗಿ ಮರಳು ಬಾಗಿಲವರೆಗೂ ಎರಚಿತು. "ಭಾವ, ಸಾಕು" ಅಂದೆ. ಮತ್ತೆ ಒತ್ತಿದರು. ಮೂರನೇ ಸಲಕ್ಕೆ ಕಾರಿನ ಹೊಟ್ಟೆ ಮರಳ ಮೇಲೆ ಕೂತಿತು. ಹೊಟ್ಟೆ ಕೂತರೆ ಚಕ್ರಕ್ಕೆ ಭಾರ ಇರಲ್ಲ, ಭಾರ ಇಲ್ಲದ ಚಕ್ರಕ್ಕೆ ಹಿಡಿತ ಇರಲ್ಲ.

ಮೊದಲನೇ ಸಲವೇ ಬಿಟ್ಟಿದ್ದರೆ? ಚಕ್ರದ ಹಿಂದೆ ಮುಂದೆ ಕೈಯಿಂದ ಮರಳು ಬಗೆದು, ಸ್ಟೇರಿಂಗ್ ನೇರ ಮಾಡಿ, ಗಾಳಿ ಇಳಿಸಿ, ಬಂದ ಜಾಡಿನಲ್ಲೇ ರಿವರ್ಸ್ ಬಂದಿದ್ದರೆ ಹತ್ತು ನಿಮಿಷದ ಕೆಲಸ. ಬಂದ ಜಾಡು ಆಗಲೇ ಅದುಮಿ ಗಟ್ಟಿಯಾಗಿರುತ್ತದೆ, ಅದೇ ರಸ್ತೆ. ಕೊನೆಗೂ ಕಾರು ಹೊರಗೆ ಬಂದಿದ್ದು ನಾಲ್ಕೂ ಟೈರಿನ ವಾಲ್ವನ್ನು ನಾನು ಕಡ್ಡಿಯಿಂದ ಒತ್ತಿ ಗಾಳಿ ಬಿಟ್ಟ ಮೇಲೇ. ಅದನ್ನು ಭಾವ ಹೇಳಲ್ಲ, ನೋಡ್ತಾ ಇರಿ.

ಕೇರಳದ ಕಣ್ಣೂರಿನ ಹತ್ತಿರ ಮುಳಪ್ಪಿಲಂಗಾಡ್ ಅಂತ ಇದೆ. ಸುಮಾರು ನಾಲ್ಕು ಕಿಲೋಮೀಟರ್ ಉದ್ದದ ಗಟ್ಟಿ ಮರಳಿನ ಕಡಲತೀರ. ಅಲ್ಲಿ ಜನ ಕಾರಲ್ಲೇ ನೀರಿನಂಚಿಗೆ ಹೋಗುತ್ತಾರೆ, ಅದಕ್ಕೆ ಅಂತಲೇ ಬಿಟ್ಟಿದ್ದಾರೆ. ನಮ್ಮ ಕರಾವಳಿಯಲ್ಲೂ ಅಂಥ ಒಂದು ತುಂಡು ಗುರುತಿಸಿ, ಟಿಕೆಟ್ ಇಟ್ಟು, ದಡದಲ್ಲಿ ಒಂದು ಟ್ರಾಕ್ಟರ್ ನಿಲ್ಲಿಸಿದರೆ ಆಗಲ್ವಾ? ಚಿತ್ರದುರ್ಗದ ಕಲ್ಲಿನ ಕೋಟೆಯವರಿಗೆ ಮರಳಿನ ಗೊಡವೆ ಯಾಕೆ ಅಂತ ಭಾವ ನಗುತ್ತಾರೆ. ಮರಳು ದಾಟೋಕೆ ಬಂದರೆ ಹೊಲದ ಕೆಸರೂ ದಾಟಬಹುದು. ಬಯಲುಸೀಮೆಯವನಿಗೆ ಇದು ಶೋಕಿ ಅಲ್ಲ.

ವಿರೋಧ: ಗಟ್ಟಿ ಮರಳು ಇರೋದು ಮೆತ್ತನೆ ಮರಳಿನ ಆಚೆಗೆ

ಅವನು ಹೇಳಿದ್ದರಲ್ಲಿ ಸುಳ್ಳಿಲ್ಲ. ಮೂರು ಸಲ ಆಕ್ಸಿಲರೇಟರ್ ಒತ್ತಿದ್ದು ನಾನೇ. ಆದರೂ ನನ್ನ ಮಾತು ಬೇಡ ಅಂತಲೇ.

ನೀರಿನಂಚಿನಲ್ಲಿ ಮರಳು ಗಟ್ಟಿ ಅಂದ. ಸರಿ. ಅಲ್ಲಿಗೆ ಹೋಗೋದು ಹೇಗೆ? ರೋಡು ಮುಗಿದ ಜಾಗದಿಂದ ಆ ಗಟ್ಟಿ ಮರಳಿನವರೆಗೆ ಇರೋದೇ ಅವನು ಹೇಳಿದ ಸಕ್ಕರೆ ಮರಳು. ಅಲೆ ಅಲ್ಲಿಗೆ ಬರಲ್ಲ, ಗಾಳಿ ತಂದು ಸುರಿದದ್ದು ಅದು. ನಮ್ಮ ಕಾರು ಹೂತಿದ್ದು ಅಲ್ಲೇ, ಟಾರಿನಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ. ಎದುರಿಗೆ ಯಾರೋ ಬೈಕಲ್ಲಿ ನೀರಿನಂಚಲ್ಲಿ ಸುಯ್ಯಂತ ಹೋಗುತ್ತಿದ್ದ. ಅವನನ್ನು ನೋಡಿಯೇ ನಾನು ಇಳಿಸಿದ್ದು.

ಇನ್ನು ನಮ್ಮ ಕಾರಿನ ವಿಷಯ. ನೋಡೋಕೆ ಎತ್ತರ, ಎದೆ ಉಬ್ಬಿಸಿಕೊಂಡು ನಿಂತಿರುತ್ತದೆ, ಶೋರೂಮಿನಲ್ಲೂ ಎಸ್‌ಯುವಿ ಅಂತಲೇ ಕರೆದರು. ಆದರೆ ಎಂಜಿನ್ ಎಳೆಯೋದು ಮುಂದಿನ ಎರಡೇ ಚಕ್ರ. ನಮ್ಮ ರಸ್ತೆಯಲ್ಲಿ ಓಡೋ ಈ ಥರದ ಚಿಕ್ಕ ಎಸ್‌ಯುವಿಗಳಲ್ಲಿ ಹೆಚ್ಚಿನವು ಹೀಗೇ. ಹಿಂದೆ ಐದು ಜನರ ಲಗೇಜು, ಎರಡು ಚೀಲ ಮಂಡಕ್ಕಿ. ಮುಂದಿನ ಚಕ್ರ ಎಳೆಯಬೇಕು, ಭಾರ ಎಲ್ಲ ಹಿಂದೆ. ಎತ್ತಿನ ಗಾಡಿಯ ಪಾಠ ಇಲ್ಲಿಗೆ ಎಷ್ಟು ಹೊಂದುತ್ತದೋ ಅವನೇ ಹೇಳಲಿ.

ಹೂತಾಗ ನಾಲ್ಕೂವರೆ. ಮೀನು ಹಿಡಿಯೋ ಹುಡುಗರು ಬಲೆ ಒಣಗಿಸುತ್ತಿದ್ದರು. ಒಬ್ಬ ಬಂದು ಸುತ್ತ ನೋಡಿ, "ನೀರು ಏರ್ತಾ ಉಂಟು" ಅಂದ. ಅಷ್ಟೇ ಅಂದ. ನನಗೆ ಭದ್ರಾ ನಾಲೆಗೆ ಯಾವತ್ತು ನೀರು ಬಿಡುತ್ತಾರೆ ಅಂತ ಗೊತ್ತು, ಮಂಡಿಯಲ್ಲಿ ಮೆಕ್ಕೆಜೋಳದ ರೇಟು ಗೊತ್ತು. ಉಬ್ಬರ-ಇಳಿತ ಗೊತ್ತಿಲ್ಲ. ಆರು ಗಂಟೆ ಚಿಲ್ಲರೆ ಏರೋದು, ಅಷ್ಟೇ ಹೊತ್ತು ಇಳಿಯೋದು, ದಿನಕ್ಕೆ ಐವತ್ತು ನಿಮಿಷದಷ್ಟು ತಡವಾಗೋದು ಅಂತ ಆ ಹುಡುಗನೇ ಆಮೇಲೆ ಹೇಳಿದ್ದು. ಅವನ ಲೆಕ್ಕ ಬಾಯಲ್ಲೇ ಇತ್ತು. ಭಾಮೈದ ಹೊಗಳಿದ ಗಟ್ಟಿ ಮರಳು ಕೂಡ ದಿನಕ್ಕೆ ಎರಡು ಸಲ ಮುಳುಗುತ್ತದೆ.

ಹಗ್ಗ ಕಟ್ಟೋಕೆ ಅಂತ ನೋಡಿದರೆ ಬಂಪರಿನಲ್ಲಿ ಕೊಂಡಿಯೇ ಇಲ್ಲ. ಟೂಲ್ ಕಿಟ್ಟಿನಲ್ಲಿ ತಿರುಪಿನ ಕಂಬಿ ಇರೋ ಕಬ್ಬಿಣದ ಬಳೆ ಇರುತ್ತದೆ. ಬಂಪರಿನ ಚಿಕ್ಕ ಮುಚ್ಚಳ ಕಿತ್ತು, ಒಳಗಿನ ಗುಂಡಿಗೆ ಅದನ್ನು ತಿರುಪಬೇಕು. ಆರು ವರ್ಷದಿಂದ ನನ್ನ ಕಾರು, ಆ ಮುಚ್ಚಳ ಎಲ್ಲಿದೆ ಅಂತ ಅವತ್ತೇ ಕಂಡಿದ್ದು. ಉಗುರು ಮುರಿಯಿತು. ಬಳೆ ತಿರುಪೋ ಅಷ್ಟರಲ್ಲಿ ನೀರು ಹತ್ತು ಮಾರು ಹತ್ತಿರ ಬಂದಿತ್ತು. ಎಂಟು ಜನ ಹುಡುಗರು ದೋಣಿಯ ಹಗ್ಗ ಹಾಕಿ "ಐಸಾ" ಅಂತ ಎಳೆದರು. ಗಾಳಿ ಬಿಟ್ಟಿದ್ದು ನಿಜ, ಒಪ್ಪಿಕೊಂಡೆ. ಎಂಟು ಜನ ಎಳೆದಿದ್ದೂ ನಿಜ. ಅವನು ಬರೆದದ್ದರಲ್ಲಿ ಆ ಎಂಟು ಜನ ಎಲ್ಲಿ ಹೋದರು?

ಆಮೇಲೆ ನಾಲ್ಕು ಚಪ್ಪಟೆ ಟೈರಿನಲ್ಲಿ ಇಪ್ಪತ್ತರ ವೇಗದಲ್ಲಿ ಪಂಕ್ಚರ್ ಅಂಗಡಿ ಹುಡುಕಿದ್ದು ಬೇರೆ ಕಥೆ.

ಉಪ್ಪಿನದೂ ಒಂದು ಮಾತು. ಮೇಲೆ ತೊಳೆದರೆ ಹೊಳೆಯುತ್ತದೆ, ಉಪ್ಪು ಕೂರೋದು ಕೆಳಗೆ. ಬ್ರೇಕು, ಸೈಲೆನ್ಸರ್, ಚಾಸಿಯ ಸಂದಿ. ಊರಿಗೆ ಬಂದು ತಿಂಗಳಿಗೆ ಬ್ರೇಕ್ ಹಿಡಿದಾಗ ಕರ್‌ ಅನ್ನೋಕೆ ಶುರುವಾಯಿತು. ಬಿಚ್ಚಿದರೆ ಒಳಗೆ ಮರಳು.

ಆದರೆ ಇವೆಲ್ಲ ನನ್ನ ಕಾರಿನ ಕಷ್ಟ. ದುಡ್ಡು ಕೊಟ್ಟರೆ ಸರಿ ಹೋಗುತ್ತದೆ. ನನ್ನನ್ನು ನಿಜಕ್ಕೂ ತಡೆದದ್ದು ಮರುದಿನ ಬೆಳಿಗ್ಗೆ ಕಂಡದ್ದು. ಅದೇ ಹೊನ್ನಾವರದ ಕಡೆ, ಇನ್ನೊಂದು ತೀರದಲ್ಲಿ, ಮರಳ ಮೇಲೆ ನಾಲ್ಕು ಗೂಟ ನೆಟ್ಟು ಬಲೆ ಸುತ್ತಿದ್ದರು. ಒಳಗೆ ಏನೂ ಇಲ್ಲ, ಬರೀ ಮರಳು. ಕೇಳಿದರೆ, ಕಡಲಾಮೆ ಮೊಟ್ಟೆ. ಆಲಿವ್ ರಿಡ್ಲಿ ಅನ್ನೋ ಆಮೆ ಚಳಿಗಾಲದ ರಾತ್ರಿಗಳಲ್ಲಿ ಮೇಲೆ ಬಂದು, ಮೊಣಕಾಲುದ್ದದ ಗುಂಡಿ ತೋಡಿ, ನೂರರ ಆಸುಪಾಸು ಮೊಟ್ಟೆ ಇಟ್ಟು, ಮುಚ್ಚಿ ಹೋಗುತ್ತದೆ. ಮರಿ ಹೊರಗೆ ಬರೋಕೆ ಐವತ್ತು ದಿನದ ಹತ್ತಿರ ಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಶೆಡ್ಯೂಲಿನಲ್ಲಿದೆ ಈ ಆಮೆ, ಹುಲಿಯ ಜೊತೆಗೆ. ಅದು ಗೂಡು ಮಾಡೋದು ಅಲೆ ಮುಟ್ಟದ ಒಣ ಮರಳಲ್ಲಿ. ಅಂದರೆ ನನ್ನ ಕಾರು ಹೂತಂಥ ಜಾಗದಲ್ಲೇ. ಗೂಟ ನೆಟ್ಟಿರೋದು ಯಾರ ಕಣ್ಣಿಗಾದರೂ ಬಿದ್ದ ಗೂಡಿಗೆ. ಯಾರೂ ನೋಡದ ಗೂಡಿನ ಮೇಲೆ ಏನು ಗುರುತು ಇರುತ್ತದೆ?

ಭಾಮೈದ ಬಂದ ಜಾಡೇ ರಸ್ತೆ ಅಂದ. ಆ ಜಾಡು ಎಷ್ಟು ಆಳ ಇತ್ತು ಅಂತ ನಾನು ಕೈ ಇಟ್ಟು ನೋಡಿದ್ದೆ, ಮಣಿಕಟ್ಟಿನವರೆಗೆ ಬಂತು. ಹುಟ್ಟಿದ ಆಮೆಮರಿ ಅಂಗೈಯಲ್ಲಿ ಹಿಡಿಸುತ್ತದೆ. ನೀರಿನ ಕಡೆ ತೆವಳುವಾಗ ಈ ಕಾಲುವೆಗೆ ಬಿದ್ದರೆ ಅದರ ಉದ್ದಕ್ಕೇ ಹೋಗುತ್ತಾ ಇರುತ್ತದೆ, ಬಿಸಿಲು ಬರೋವರೆಗೆ, ಇಲ್ಲಾ ಕಾಗೆ ನೋಡೋವರೆಗೆ. ನಾವು ಸ್ಕೂಲ್ ರಜೆ, ಸಂಕ್ರಾಂತಿ ರಜೆ ಅಂತ ಕಡಲಿಗೆ ಹೋಗೋ ತಿಂಗಳುಗಳೂ ಅವೇ.

ಮರಳ ಮೇಲೆ ಹಬ್ಬಿರೋ ಅಡುಂಬು ಬಳ್ಳಿಯನ್ನೂ ಅವತ್ತು ಕಿತ್ತು ಹಾಕಿದ್ದೆವು. ನೇರಳೆ ಹೂವಿನ ಬಳ್ಳಿ. ಚಕ್ರದ ಕೆಳಗೆ ಹಿಡಿತ ಸಿಗಲಿ ಅಂತ ನಾನೇ ಎರಡು ತೆಕ್ಕೆ ತಂದು ತುರುಕಿದೆ. ಆ ದಿಬ್ಬದ ಮರಳನ್ನು ಹಿಡಿದು ನಿಲ್ಲಿಸಿರೋದೇ ಆ ಬಳ್ಳಿ ಅಂತ ಹುಡುಗರು ಬೈದ ಮೇಲೆ ತಿಳಿಯಿತು. ಕಾರಿನ ಮ್ಯಾಟ್ ಹಾಕಬಹುದಿತ್ತು.

ಗುರುತಿಸಿದ ಒಂದು ತುಂಡು, ಟಿಕೆಟ್, ಟ್ರಾಕ್ಟರ್ ಅನ್ನೋ ಅವನ ಮಾತು ಬಾಯಲ್ಲಿ ಚೆನ್ನಾಗಿದೆ. ಗೋವಾದವರು ಬೀಚಿಗೆ ಗಾಡಿ ಇಳಿಸಬಾರದು ಅಂತ ನಿಷೇಧ ಹಾಕಿ, ಇಳಿಸಿದವರನ್ನು ಹಿಡಿದು ಕೇಸ್ ಮಾಡುತ್ತಾರೆ. ಹಾಗಿದ್ದೂ ಹೂತ ಕಾರಿನ ವಿಡಿಯೋ ಅಲ್ಲಿಂದಲೇ ಬರುತ್ತಾ ಇರುತ್ತದೆ. ಗುರುತು ಹಾಕಿದ ಕಡೆ ಮಾತ್ರ ಇಳಿಸಿ ಅಂದರೆ ನಮ್ಮ ಜನ ಅಲ್ಲೇ ನಿಲ್ಲುತ್ತಾರಾ? ನಾನೇ ನಿಲ್ಲಲಿಲ್ಲ.

ವಿದ್ಯೆ ಬೇಕು ಅಂದರೆ ಅವನ ಊರಲ್ಲೇ, ಅವರ ಹೊಲದ ದಾರಿಯಲ್ಲೇ ಕಲಿಸಲಿ. ಬರುತ್ತೇನೆ. ಬರೋ ಜನವರಿಗೆ ಮತ್ತೆ ಹೊನ್ನಾವರ ಅಂತ ಮನೆಯಲ್ಲಿ ಆಗಲೇ ಮಾತಾಗಿದೆ. ಭಾಮೈದ ಕಂಪ್ರೆಸರ್ ತಂದು ಡಿಕ್ಕಿಯಲ್ಲಿ ಇಟ್ಟು ಹೋಗಿದ್ದಾನೆ. ಇರಲಿ, ಪಂಕ್ಚರ್ ಆದರೆ ಬೇಕಾಗುತ್ತದೆ. ಕಾರು ಗಾಳಿಮರದ ನೆರಳಲ್ಲಿ ನಿಲ್ಲುತ್ತದೆ, ಅಲ್ಲಿಂದ ನೀರಿಗೆ ಇನ್ನೂರು ಹೆಜ್ಜೆ.