ಸ್ಪಷ್ಟನೆ: ಹಾನ್ಸ್ ಫಲ್ಲಾಡಾ ರೈತ ಮನೆತನದವರಲ್ಲ

'ಜರ್ಮನ್ ಕಾದಂಬರಿಕಾರ ಹಾನ್ಸ್ ಫಲ್ಲಾಡಾ ರೈತನ ಮಗ. ಜೀವನಪೂರ್ತಿ ಹೊಲ ಉತ್ತು, ಬಿಡುವಿನಲ್ಲಿ ಕಥೆ ಬರೆದರು' ಎಂಬ ಸಂದೇಶ ಹರಿದಾಡುತ್ತಿದೆ. ಇದು ಸರಿಯಲ್ಲ.

1893ರಲ್ಲಿ ಗ್ರೈಫ್ಸ್‌ವಾಲ್ಡ್‌ನಲ್ಲಿ ಹುಟ್ಟಿದ ಅವರ ನಿಜ ಹೆಸರು ರುಡಾಲ್ಫ್ ಡಿಟ್ಜೆನ್. ತಂದೆ ನ್ಯಾಯಾಧೀಶರು. 1911ರಲ್ಲಿ ದ್ವಂದ್ವಯುದ್ಧದ ನೆಪದಲ್ಲಿ ಸಹಪಾಠಿಯೊಡನೆ ಸಾಯಲು ಹೊರಟಾಗ ಗೆಳೆಯ ಸತ್ತ, ಇವರು ಬದುಕುಳಿದರು. ಮನೋಚಿಕಿತ್ಸಾಲಯದಿಂದ ಹೊರಬಂದ ಮೇಲೆ, 1913ರಲ್ಲಿ ಪೋಸ್ಟರ್‌ಸ್ಟೈನ್ ಜಮೀನಿನಲ್ಲಿ ಬೇಸಾಯ ಕಲಿಯಲು ಸೇರಿದರು.

ಹಾಗಂತ ಅವರ ಕೃಷಿಜ್ಞಾನ ತೋರಿಕೆಯದಲ್ಲ. 1916ರಿಂದ ಬರ್ಲಿನ್ನಿನ ಆಲೂಗಡ್ಡೆ ಬೆಳೆ ಸಂಸ್ಥೆಯಲ್ಲಿ ದುಡಿದರು. ಆ ವರ್ಷವೇ ಅಂಗಮಾರಿ ರೋಗ ಜರ್ಮನಿಯ ಆಲೂ ಬೆಳೆಯನ್ನು ನೆಲಕಚ್ಚಿಸಿತ್ತು. ಆಲೂ ತಳಿ ಗುರುತಿಸುವುದು ಸೂಕ್ಷ್ಮ ಕೆಲಸ: ಸಿಪ್ಪೆಯ ಬಣ್ಣ, ಕಣ್ಣಿನ ಆಳ ಸಾಲದು, ಮಂದ ಬೆಳಕಿನಲ್ಲಿಟ್ಟ ಗೆಡ್ಡೆಯ ಮೊಳಕೆಯ ಬುಡ ಯಾವ ಬಣ್ಣಕ್ಕೆ ತಿರುಗುತ್ತದೆಂದೂ ನೋಡಬೇಕು. ಬಿತ್ತನೆಯಲ್ಲಿ ತಳಿ ಬೆರೆತರೆ ಒಂದು ಬಲಿಯುವಾಗ ಇನ್ನೊಂದು ಎಳೆಯದಾಗಿರುತ್ತದೆ. ಕೀಳುವ ಹದವೇ ತಪ್ಪುತ್ತದೆ.

ಮುಂದೆ ಜಮೀನುಗಳ ಲೆಕ್ಕ ನೋಡಿಕೊಳ್ಳುತ್ತಿದ್ದಾಗ ಹಣ ದುರುಪಯೋಗಕ್ಕಾಗಿ ಎರಡು ಸಲ ಜೈಲಾಯಿತು. ಮಾರ್ಫಿನ್ ಚಟ ಅವರನ್ನು ಹಿಂಡಿತ್ತು. ಇದನ್ನು ಮುಚ್ಚಿಟ್ಟು 'ನೆಮ್ಮದಿಯ ರೈತ' ಎನ್ನುವುದು ಅವರಿಗೆ ಮಾಡುವ ಅನ್ಯಾಯ.

ಸ್ವಂತ ಹೊಲಮನೆ ಕೊಂಡದ್ದು 1933ರಲ್ಲಿ, ಕಾರ್ವಿಟ್ಸ್ ಹಳ್ಳಿಯಲ್ಲಿ, ಅದೂ 1932ರ ಕಾದಂಬರಿಯ ಯಶಸ್ಸಿನ ನಂತರ. ಅಂದರೆ ಹೊಲ ಬರವಣಿಗೆಯನ್ನು ಸಾಕಲಿಲ್ಲ, ಬರವಣಿಗೆಯೇ ಹೊಲ ತಂದಿತು. ಅವರು ತೀರಿಕೊಂಡದ್ದು 1947ರ ಫೆಬ್ರುವರಿ 5ರಂದು, ಬರ್ಲಿನ್ನಿನಲ್ಲಿ.