ಮಳೆ ಅಳೆಯಲು ಲ್ಯಾಬ್ ಬೇಕಾಗಲಿಲ್ಲ

ಲ್ಯಾಬ್, ಟ್ಯಾಬ್ ಇಲ್ಲದ ಹಳ್ಳಿ ಶಾಲೆಗಳಲ್ಲಿ ಚಿಕ್ಕ ಮಕ್ಕಳಿಗೆ ವಿಜ್ಞಾನ ಕಲಿಸುವುದು ಆಗದ ಮಾತು ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ನಾನು ಒಪ್ಪುವುದಿಲ್ಲ. ಮೂಡಿಗೆರೆ ಕಡೆಯ ಶಾಲೆಯೊಂದರಲ್ಲಿ ನಾಲ್ಕು, ಐದನೇ ಕ್ಲಾಸಿಗೆ ಪಾಠ ಮಾಡುತ್ತೇನೆ. ನಮ್ಮಲ್ಲಿ ತೋಟದವರೆಲ್ಲ ಮಳೆಯನ್ನು ಇಂಚಿನಲ್ಲೇ ಹೇಳುವುದು. ಹೋದ ಜೂನ್‌ನಲ್ಲಿ ಮಕ್ಕಳ ಜೊತೆ 2 ಲೀಟರ್ ಬಾಟಲಿಯ ಕುತ್ತಿಗೆ ಕತ್ತರಿಸಿ, ಅದನ್ನೇ ತಲೆಕೆಳಗಾಗಿ ಆಲಿಕೆಯ ಹಾಗೆ ಕೂರಿಸಿದೆವು. ತಳ ಸಮ ಇರುವುದಿಲ್ಲವಲ್ಲ, ಅದಕ್ಕೆ ಸಣ್ಣ ಕಲ್ಲು ತುಂಬಿ, ಅವು ಮುಳುಗುವಷ್ಟು ನೀರು ಹಾಕಿ, ಅಲ್ಲಿಂದ ಸ್ಕೇಲ್ ಅಂಟಿಸಿದೆವು. ದಿನಾ ಪ್ರಾರ್ಥನೆಗೆ ಮುಂಚೆ ಅಳತೆ. ಒಂದು ಇಂಚು ಅಂದರೆ 25.4 ಮಿಲಿಮೀಟರ್ ಅಂತ ಬಾಯಿಪಾಠ ಮಾಡಿಸಲೇ ಇಲ್ಲ, ಮನೆಯಲ್ಲಿ ಕೇಳಿದ ಇಂಚಿಗೆ ತಾಳೆ ಹಾಕುತ್ತಾ ತಾವೇ ಕಲಿತರು. ಒಂದಿನ ಹುಡುಗಿಯೊಬ್ಬಳು ಇನ್ನೊಂದು ಬಾಟಲಿ ತಂದು ಸಿಲ್ವರ್ ಓಕ್ ಮರದ ಕೆಳಗಿಟ್ಟಳು. "ಮೇಡಂ, ಇಲ್ಲಿ ಯಾಕೆ ಕಮ್ಮಿ?" ಅವತ್ತಿಡೀ ಅದೇ ಪಾಠ!

ಟ್ಯಾಬ್ ಬೇಡ ಅನ್ನುತ್ತಿಲ್ಲ, ಕೊಟ್ಟರೆ ಖುಷಿಯೇ. ಆದರೆ ನಮಗೆ ಜಾಸ್ತಿ ಕೊರತೆ ಇರುವುದು ಸಮಯದ್ದು. ಒಬ್ಬರೇ ಟೀಚರ್, ಎರಡು ಕ್ಲಾಸು, ಮಧ್ಯೆ ದಾಖಲೆ ಬರೆಯುವ ಕೆಲಸ. ಅದರ ಬಗ್ಗೆ ಲೇಖನದಲ್ಲಿ ಒಂದು ಸಾಲೂ ಇಲ್ಲ ಅಲ್ವಾ?