ಮಣಿಸರಕ್ಕೆ ಯಾವ ಕೋಡ್?

ಚನ್ನಪಟ್ಟಣದ ಮರದ ಮಣಿಗಳನ್ನು ತಂದು ಕೊರಳ ಸರ ಪೋಣಿಸುವ ಕೆಲಸವನ್ನು ನಾವು ನಾಲ್ವರು ಹೆಂಗಸರು ಕೆಲವು ವರ್ಷಗಳಿಂದ ಮಾಡಿಕೊಂಡು ಬಂದಿದ್ದೇವೆ. ಅಮೆರಿಕದಲ್ಲಿ ನೆಲೆಸಿರುವ ಕನ್ನಡದ ಗೆಳತಿಯರೇ ನಮ್ಮ ಮುಖ್ಯ ಗಿರಾಕಿಗಳು. 800 ಡಾಲರಿನೊಳಗಿನ ಪಾರ್ಸೆಲ್‌ಗೆ ಅಲ್ಲಿ ಸುಂಕವಿಲ್ಲ ಎಂಬ ನಿಯಮ 2016ರಿಂದ ಇತ್ತಾದ್ದರಿಂದ ಸುಂಕಪಟ್ಟಿಯ ಗೋಜಿಗೆ ನಾವು ಹೋಗಿರಲೇ ಇಲ್ಲ. 2025ರ ಆಗಸ್ಟ್ 29ರಂದು ಆ ವಿನಾಯಿತಿ ಎಲ್ಲ ದೇಶಗಳಿಗೂ ರದ್ದಾಯಿತು. ಆಮೇಲೆ ಕಳಿಸಿದ ಮೊದಲ ಪಾರ್ಸೆಲ್ ಆರು ವಾರ ಎಲ್ಲೆಲ್ಲೋ ಸುತ್ತಿ, ಒಡೆಯದ ಸೀಲಿನೊಂದಿಗೆ ಮನೆಗೇ ಮರಳಿತು. ಕೊರಿಯರ್ ಕೌಂಟರಿನಲ್ಲಿದ್ದ ಹುಡುಗ ಚನ್ನಪಟ್ಟಣ ಎಂಬ ಹೆಸರು ಕೇಳಿದ ಕೂಡಲೇ ‘ಮರದ ಆಟಿಕೆ’ ಎಂದು ಬರೆದು, ಆಟಿಕೆಗಳ 9503ನೇ ಶೀರ್ಷಿಕೆಯನ್ನು ನಮೂನೆಯಲ್ಲಿ ತುಂಬಿದ್ದ. ನಾನೂ ಓದದೆ ಸಹಿ ಹಾಕಿದ್ದೆ. ಅಮೆರಿಕದ ಪಟ್ಟಿಯಲ್ಲಿ ಆಟಿಕೆಯ ಮೂಲ ಸುಂಕ ಸೊನ್ನೆ. ಮರದ ಮಣಿಸರ ಸೇರಬೇಕಾದ ‘ಇಮಿಟೇಷನ್ ಆಭರಣ’ದ ಸಾಲಿಗೆ ಶೇ. 11. ಹೆಚ್ಚುವರಿಯಾಗಿ ಹೇರಿದ ಸುಂಕಗಳ ಮಾತು ಬೇರೆಯೇ. ಹೀಗೆ, ಸುಂಕ ತಪ್ಪಿಸಲು ಸುಳ್ಳು ಬರೆದವರ ಸಾಲಿನಲ್ಲಿ ನಾವು ನಿಂತಂತಾಯಿತು.

ಅಂದಿನಿಂದ ಈ ಕೋಡ್‌ಗಳನ್ನು ಕೂತು ಓದುತ್ತಿದ್ದೇನೆ. ಬ್ರಸೆಲ್ಸ್‌ನಲ್ಲಿರುವ ವಿಶ್ವ ಕಸ್ಟಮ್ಸ್ ಸಂಸ್ಥೆ ನೋಡಿಕೊಳ್ಳುವ, 1988ರಲ್ಲಿ ಜಾರಿಗೆ ಬಂದ ಎಚ್‌ಎಸ್ (ಹಾರ್ಮನೈಸ್ಡ್ ಸಿಸ್ಟಮ್) ಎಂಬ ಸರಕು ವಿಂಗಡಣೆಯ ಪಟ್ಟಿಯನ್ನು ಇಂದು 200ಕ್ಕೂ ಹೆಚ್ಚು ದೇಶ, ಪ್ರದೇಶಗಳು ಬಳಸುತ್ತವೆ. ಮೊದಲ ಆರು ಅಂಕಿಗಳು ಎಲ್ಲರಿಗೂ ಒಂದೇ. ಅದರ ಮುಂದಿನ ಅಂಕಿಗಳನ್ನು ಆಯಾ ದೇಶ ತನಗೆ ಬೇಕಾದಂತೆ ಸೇರಿಸಿಕೊಳ್ಳುತ್ತದೆ. ಭಾರತದಲ್ಲಿ ಎಂಟು, ಅಮೆರಿಕದಲ್ಲಿ ಹತ್ತು.

ಈ ಪಟ್ಟಿ ಒಂದೊಂದು ಸಾಮಾನಿಗೂ ಕೇಳುವುದು ಹೆಚ್ಚಾಗಿ ಎರಡೇ ಪ್ರಶ್ನೆ: ಯಾವುದರಿಂದ ಮಾಡಿದ್ದು, ಏತಕ್ಕೆ ಬಳಸುವುದು. ನಮ್ಮ ಮಣಿಯ ಪಾಡನ್ನೇ ನೋಡಿ. ಬಿಡಿ ಮಣಿಯಾಗಿ ಚೀಲದಲ್ಲಿದ್ದರೆ ಅದು ಮರದ ಸಾಮಾನುಗಳ 44ನೇ ಅಧ್ಯಾಯದ್ದು. ಬಾಗಿಲಿಗೆ ತೂಗುಬಿಡುವ ಪರದೆಯಾದರೂ ಅಲ್ಲಿಯೇ. ಅದನ್ನೇ ದಾರದಲ್ಲಿ ಪೋಣಿಸಿ ಕೊರಳಿಗೆ ಹಾಕುವಂತೆ ಮಾಡಿದೊಡನೆ 71ನೇ ಅಧ್ಯಾಯದ 7117ಕ್ಕೆ ಜಿಗಿಯುತ್ತದೆ. ಕೂದಲಿನ ಪಿನ್ನಿಗೆ ಕೂರಿಸಿದರೆ ಅದು ಆಭರಣವೇ ಅಲ್ಲ, 9615. ಸರದ ನಡುವೆ ಚೆಂದಕ್ಕೆಂದು ಗುಜರಾತಿನ ಖಂಭಾತಿನ ಅಗೇಟ್ ಎಂಬ ಉಪರತ್ನದ ಒಂದು ಮಣಿ ಸೇರಿಸಿದಿರೋ, ಇಡೀ ಸರ 7117ರಿಂದ ಹೊರಬೀಳುತ್ತದೆ, ಏಕೆಂದರೆ ರತ್ನ ಅಥವಾ ಉಪರತ್ನ ಇರುವ ಒಡವೆ ಇಮಿಟೇಷನ್ ಆಗದು ಎಂದು ಆ ಅಧ್ಯಾಯದ ಟಿಪ್ಪಣಿಯೇ ಹೇಳುತ್ತದೆ. ಗಾಜಿನ ಕರಿಮಣಿ ಬಿಡಿಯಾಗಿದ್ದಾಗ 7018. ಚಿನ್ನದ ಗುಂಡು, ತಾಳಿಯೊಂದಿಗೆ ಮಾಂಗಲ್ಯವಾದರೆ 7113. ಸಂಡೂರಿನ ಲಂಬಾಣಿ ಕಸೂತಿಯ ಕೈಚೀಲಕ್ಕೆ ಕನ್ನಡಿ, ಕವಡೆ, ಮಣಿ ಎಷ್ಟೇ ಹೊಲಿದಿದ್ದರೂ ಅದರ ನೆಲೆ ಚೀಲಗಳ 4202. ಅಲ್ಲಿ ಹೊರಮೈ ಬಟ್ಟೆಯದೋ ಬೇರೆಯದೋ ಎಂಬುದರ ಮೇಲೆ ಒಳಸಾಲು ನಿಲ್ಲುತ್ತದೆ. ಮೈತುಂಬ ಮಣಿಯೇ ಮುಚ್ಚಿಕೊಂಡಿದ್ದರೆ ಹೊರಮೈ ಯಾವುದೆಂಬ ವಾದಕ್ಕೂ ಎಡೆಯಿದೆ.

ಇದೆಲ್ಲ ಕಿರಿಕಿರಿಯೇ ಆದರೂ ಒಂದು ತರ್ಕಕ್ಕೆ ಕಟ್ಟುಬಿದ್ದದ್ದು, ಕಲಿತರೆ ಬರುತ್ತದೆ. ನನ್ನ ಆಕ್ಷೇಪ ಇರುವುದು ಮೂರನೆಯ ಪ್ರಶ್ನೆಯ ಬಗ್ಗೆ. ಹೇಗೆ ಮಾಡಿದ್ದು ಎಂದು ಮಣಿ ಸಾಮಾನಿನ ವಿಷಯದಲ್ಲಿ ಈ ಪಟ್ಟಿ ಕೇಳುವುದೇ ಇಲ್ಲ. ಪೂರ್ತಿ ಕೈಯಿಂದಲೇ ಬರೆದ ಚಿತ್ರಗಳಿಗೆ 9701ರಲ್ಲಿ ಮರ್ಯಾದೆಯ ಸ್ಥಾನವಿದೆ. ಆದರೆ ಕೈಯಿಂದ ಅಲಂಕರಿಸಿದ ತಯಾರಿಕಾ ವಸ್ತುಗಳು ಇಲ್ಲಿಗೆ ಸೇರವು ಎಂದು ಅದೇ ವಾಕ್ಯ ಬಾಗಿಲು ಹಾಕುತ್ತದೆ.

ಚನ್ನಪಟ್ಟಣದಲ್ಲಿ ಒಂದು ಮಣಿ ಹುಟ್ಟುವುದನ್ನು ನೋಡಿದವರಿಗೆ ಇದು ಎಷ್ಟು ಚುಚ್ಚುತ್ತದೆಂದು ಗೊತ್ತು. ಹಾಲೆ ಮರದ ತುಂಡು ಲೇತಿನಲ್ಲಿ ತಿರುಗುತ್ತಿರುವಾಗ ಉಳಿ ತಾಗಿಸಿ ಗುಂಡಗೆ ಕಡೆಯುತ್ತಾರೆ. ಬಳಿಕ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ ತಿಕ್ಕಾಟದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಒಣ ತಾಳೆಗರಿಯನ್ನು ಆನಿಸಿದಾಗ ಮಂಕಾಗಿದ್ದ ಬಣ್ಣ ಒಮ್ಮೆಲೇ ಹೊಳೆಯುತ್ತದೆ. ಎಷ್ಟು ಒತ್ತಬೇಕು, ಯಾವಾಗ ಕೈ ತೆಗೆಯಬೇಕು ಎಂಬುದು ಆ ಬೆರಳುಗಳಿಗೆ ಮಾತ್ರ ತಿಳಿದಿದೆ. ಅದು ಯಾವ ಚಿನ್ನವನ್ನೂ, ಯಾವ ಮುತ್ತನ್ನೂ ಅನುಕರಿಸುವುದಿಲ್ಲ. ಹಾಗಿದ್ದೂ ಪ್ರತಿ ಇನ್ವಾಯ್ಸಿನಲ್ಲಿ ಅದನ್ನು ‘ಇಮಿಟೇಷನ್’ ಎಂದು ನನ್ನ ಕೈಯಾರೆ ಬರೆಯಬೇಕು.

ಹೊರದೇಶದ ಪಟ್ಟಿಯನ್ನು ನಾವು ತಿದ್ದಲಾರೆವು. ನಮ್ಮ ಪಟ್ಟಿಯನ್ನಾದರೂ ತಿದ್ದಬಹುದಲ್ಲ? ಅಗ್ಗದ ಬೆಲೆ ತೋರಿಸಿ ತರುವ ಇಮಿಟೇಷನ್ ಆಭರಣವನ್ನು ತಡೆಯಲು 2022ರ ಬಜೆಟ್ ಕೆ.ಜಿ.ಗೆ ಕನಿಷ್ಠ 400 ರೂಪಾಯಿ ಆಮದು ಸುಂಕ ವಿಧಿಸಿತು. 2023ರಲ್ಲಿ ಅದು ಶೇ. 25 ಅಥವಾ ಕೆ.ಜಿ.ಗೆ 600 ರೂಪಾಯಿ, ಯಾವುದು ಹೆಚ್ಚೋ ಅದು ಎಂದಾಯಿತು. ಆ ದರದಲ್ಲಿ ಲೆಕ್ಕ ಹಾಕಿದರೆ ಕೆ.ಜಿ.ಗೆ 2,400 ರೂಪಾಯಿಗಿಂತ ಕಡಿಮೆ ಬೆಲೆಯ ಸರಕಿಗಷ್ಟೇ ತೂಕದ ಸುಂಕ ತಾಗುತ್ತಿತ್ತು. ಯಂತ್ರದಲ್ಲಿ ರಾಶಿ ರಾಶಿಯಾಗಿ ಬರುವ ಮಾಲು ಅದರಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಇದು ಒಳ್ಳೆಯ ಕ್ರಮವೆಂದೇ ನಾನು ಎಣಿಸಿದ್ದೇನೆ. ಆದರೆ ಕೀನ್ಯಾದ ಮಾಸಾಯಿ ಹೆಂಗಸರು ಪುಟ್ಟ ಮಣಿಗಳನ್ನು ಒಂದೊಂದಾಗಿ ಹೆಣೆದ ಅಗಲ ಕಂಠಿ ಇಲ್ಲಿಗೆ ಬಂದರೂ ಅದೇ ಸಾಲಿನಲ್ಲಿ ಅದೇ ಶೇ. 25 ತೆರಬೇಕಿತ್ತು. ಕೈಕೆಲಸವನ್ನು ಕಾಣದ ಪಟ್ಟಿಯಿಂದ ಅಲ್ಲಿ ನಮಗೆ ಆದದ್ದೇ ಇಲ್ಲಿ ಅವರಿಗೂ ಆಗುತ್ತದೆ.

ಎಂಟು ಅಂಕಿಗಳಲ್ಲಿ ಕೊನೆಯ ಎರಡು ನಮ್ಮವು. ಅವುಗಳನ್ನು ಬಳಸಿಯೇ ಗಾಜಿನ ಬಳೆಗೆ 7018 10 10, ಗಾಜಿನ ಮಣಿಗೆ 7018 10 20 ಎಂದು ಬೇರ್ಪಡಿಸಿದ್ದೇವೆ. 63ನೇ ಅಧ್ಯಾಯದಲ್ಲಿ ಹತ್ತಿಯ ದಿಂಬಿನ ಚೀಲ, ನ್ಯಾಪ್ಕಿನ್‌ಗಳಂಥ ಸಾಮಾನುಗಳಿಗೆ ಕೈಮಗ್ಗದ ಸಾಲುಗಳೇ ಇವೆ. ಮಣಿಯ ಒಡವೆಗೂ 7117ರಲ್ಲಿ ಅಂಥದೊಂದು ಸಾಲು ಬೇಕು ಎಂಬುದೇ ನನ್ನ ಬೇಡಿಕೆ. ಸಾಲು ಬಂದ ಮಾತ್ರಕ್ಕೆ ಸುಂಕ ಇಳಿಯದು, ನಿಜ. ಆದರೆ ಕೈಯಿಂದ ಮಾಡಿದ ಮಣಿ ಸಾಮಾನು ಎಷ್ಟು ಹೊರಗೆ ಹೋಗುತ್ತದೆ, ಎಷ್ಟು ಒಳಗೆ ಬರುತ್ತದೆ ಎಂಬ ಲೆಕ್ಕವೇ ಇಲ್ಲದಿದ್ದರೆ ವ್ಯಾಪಾರ ಒಪ್ಪಂದದ ಮೇಜಿನ ಮುಂದೆ ನಮ್ಮ ಪರವಾಗಿ ಯಾರು ಏನೆಂದು ವಾದಿಸಬಲ್ಲರು?

ಕೈಕೆಲಸವೋ ಯಂತ್ರದ್ದೋ ಎಂದು ಕಸ್ಟಮ್ಸ್ ಅಧಿಕಾರಿ ಕಣ್ಣಿನಿಂದ ನೋಡಿ ಹೇಳುವುದು ಹೇಗೆ ಎಂಬ ಪ್ರಶ್ನೆ ಬರುತ್ತದೆ, ಅದು ಸರಿಯಾದ ಪ್ರಶ್ನೆಯೇ. ಜಿಎಸ್‌ಟಿಗಾಗಿ ಸರ್ಕಾರ 2018ರಲ್ಲಿಯೇ ಕರಕುಶಲ ವಸ್ತುವಿಗೆ ಒಂದು ವ್ಯಾಖ್ಯೆ ಕೊಟ್ಟಿದೆ: ಕೆಲವು ಉಪಕರಣ, ಯಂತ್ರ ಬಳಸಿದ್ದರೂ ಪ್ರಧಾನವಾಗಿ ಕೈಯಿಂದ ಆದದ್ದು, ಅಲಂಕಾರದ ಕೆಲಸ ಗಣನೀಯವಾಗಿ ಇರುವುದು, ಅದೇ ಉಪಯೋಗದ ಯಂತ್ರದ ವಸ್ತುವಿಗಿಂತ ಸ್ಪಷ್ಟವಾಗಿ ಭಿನ್ನವಾದದ್ದು. ಕರೆಂಟಿನ ಲೇತಿಗೂ ಈ ವ್ಯಾಖ್ಯೆಯಲ್ಲಿ ಜಾಗವಿದೆ. ಚನ್ನಪಟ್ಟಣದ ಕಸುಬಿಗೂ ಸಂಡೂರಿನ ಕಸೂತಿಗೂ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿದೆ, ಕುಶಲಕರ್ಮಿಗಳಿಗೆ ಗುರುತಿನ ಚೀಟಿ ಕೊಡುವ ವ್ಯವಸ್ಥೆಯೂ ಇದೆ. ಪ್ರಮಾಣಪತ್ರವೊಂದಕ್ಕೆ ಬೇಕಾದ ಸಾಮಗ್ರಿಯೆಲ್ಲ ಸರ್ಕಾರದ ಕೈಯಲ್ಲಿಯೇ ಇರುವಾಗ ಅದನ್ನು ಕಸ್ಟಮ್ಸ್ ಪಟ್ಟಿಗೆ ಜೋಡಿಸುವುದಷ್ಟೇ ಬಾಕಿ.

ಅಲ್ಲಿಯವರೆಗೆ, ನಮ್ಮಂತೆ ಪಾರ್ಸೆಲ್ ಕಳಿಸುವವರು ದಯವಿಟ್ಟು ‘ಮಣಿ ಸಾಮಾನು’, ‘ಚನ್ನಪಟ್ಟಣದ ಐಟಂ’ ಎಂದಷ್ಟೇ ಬರೆಸಿ ಬರಬೇಡಿ. ಮರಳಿ ಬಂದ ಪೆಟ್ಟಿಗೆಯನ್ನು ಎರಡನೆಯ ಸಲ ಕಳಿಸುವಾಗ ನಾನೇ ಕೂತು ಬರೆದದ್ದು ಇಷ್ಟು: ಅರಗಿನ ಬಣ್ಣದ ಮರದ ಮಣಿಗಳನ್ನು ಹತ್ತಿಯ ದಾರದಲ್ಲಿ ಪೋಣಿಸಿದ ಹೆಂಗಸರ ಕೊರಳ ಸರ, ಲೋಹವಿಲ್ಲ, ಕಲ್ಲಿಲ್ಲ, ಮಕ್ಕಳ ಆಟಿಕೆಯಲ್ಲ, 7117. ಕೊನೆಯಲ್ಲಿ, ನಮೂನೆಯಲ್ಲಿ ಯಾರೂ ಕೇಳಿರದಿದ್ದರೂ, ಕೈಯಿಂದ ಮಾಡಿದ್ದು ಎಂದು ಸೇರಿಸಿದೆ. ಈ ಸಲ ಅದು ತಲುಪಿತು.